ಡಬ್ಬಿ ಕೊಟ್ಟ ಮಾತು

ಬ್ರೈಲ್‌ನಲ್ಲಿ ನಾನು ಬರೆದ ಮೊದಲ ಅಕ್ಷರ ‘ಜ’. ಜೀರಿಗೆಯ ಜ.

ಅದೊಂದು ಭಾನುವಾರ. ಧಾರವಾಡಕ್ಕೆ ಹೋಗಿದ್ದ ನನ್ನ ರೂಮ್‌ಮೇಟ್ ಸಂಜೆ ವಾಪಸ್ ಬರುವವಳಿದ್ದಳು. ನಾವಿಬ್ಬರೂ ಈ ಬಾಡಿಗೆ ಮನೆಗೆ ಬಂದು ಆಗಿನ್ನೂ ಮೂರು ವಾರ. ಅವಳಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ, ಬ್ಯಾಂಕಿನಲ್ಲಿ ಕೆಲಸ. ನನಗೆ ಕಣ್ಣು ಕಾಣುತ್ತದೆ, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಅವಳು ಬರುವುದರೊಳಗೆ ಅಡುಗೆಮನೆಯ ಡಬ್ಬಿಗಳಿಗೆಲ್ಲ ಬ್ರೈಲ್ ಲೇಬಲ್ ಅಂಟಿಸಿ ಸರ್‌ಪ್ರೈಸ್ ಕೊಡೋಣ ಅಂತ ಕೂತೆ. ಅವಳದೇ ಸ್ಲೇಟು, ಅವಳದೇ ಸ್ಟೈಲಸ್, ಹಳೇ ಫೈಲಿನಿಂದ ಕತ್ತರಿಸಿದ ದಪ್ಪ ಪ್ಲಾಸ್ಟಿಕ್ ಹಾಳೆ, ಡಬಲ್ ಸೈಡ್ ಟೇಪು, ಎದುರಿಗೆ ಲ್ಯಾಪ್‌ಟಾಪಿನಲ್ಲಿ ಅಕ್ಷರಗಳ ಚಾರ್ಟು. ಪೂರ್ತಿ ಹೆಸರು ಬರೆಯುವಷ್ಟು ತಾಳ್ಮೆ ಇರಲಿಲ್ಲ. ಡಬ್ಬಿಗೊಂದು ಅಕ್ಷರ ಸಾಕು ಅಂದುಕೊಂಡೆ. ಜೀರಿಗೆಗೆ ‘ಜ’, ಸಾಸಿವೆಗೆ ‘ಸ’. ಕೊತ್ತಂಬರಿ ಬೀಜಕ್ಕೆ ಅವರ ಕಡೆ ಹವೀಜ ಅನ್ನುತ್ತಾರೆ ಅಂತ ಗೊತ್ತಿತ್ತು. ನನ್ನ ಜಾಣತನ ತೋರಿಸೋಕೆ ಅದಕ್ಕೆ ‘ಹ’.

ಅವಳು ಬಂದಳು. ಕೈಕಾಲು ತೊಳೆದು ಅಡುಗೆಮನೆಗೆ ಹೋದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮೊದಲ ಡಬ್ಬಿಯ ಮೇಲೆ ಬೆರಳಾಡಿಸಿದಳು, ಮುಚ್ಚಳ ತೆಗೆದು ಮೂಸಿದಳು. ಎರಡನೆಯದನ್ನೂ ಹಾಗೇ ಮಾಡಿದಳು. ಆಮೇಲೆ ಜೋರಾಗಿ ನಗೋಕೆ ಶುರು ಮಾಡಿದಳು.

“ಏ ಹುಚ್ಚಿ, ಇದೇನ್ ಮಾಡೀಯ? ಹವೀಜದ ಡಬ್ಬ್ಯಾಗ ಜೀರಗಿ ಐತಿ, ಜೀರಗಿ ಡಬ್ಬ್ಯಾಗ ಹವೀಜ ಐತಿ!”

ಆಗಿದ್ದು ಇಷ್ಟು. ಬ್ರೈಲ್ ಸ್ಲೇಟಿನಲ್ಲಿ ಹಾಳೆಯನ್ನು ಎರಡು ಪಟ್ಟಿಗಳ ನಡುವೆ ಸಿಕ್ಕಿಸಿ ಸ್ಟೈಲಸ್‌ನಿಂದ ಒತ್ತುತ್ತಾರೆ. ಚುಕ್ಕಿ ಉಬ್ಬುವುದು ಹಾಳೆಯ ಆ ಕಡೆಗೆ. ಹಾಗಾಗಿ ಬರೆಯುವವರು ಬಲದಿಂದ ಎಡಕ್ಕೆ, ಪ್ರತಿ ಅಕ್ಷರವನ್ನೂ ಕನ್ನಡಿಯೊಳಗಿನ ಬಿಂಬದ ಹಾಗೆ ತಿರುಗಿಸಿ ಬರೆಯಬೇಕು. ನಾನು ಚಾರ್ಟಿನಲ್ಲಿ ಕಂಡದ್ದನ್ನು ಕಂಡ ಹಾಗೇ ಒತ್ತಿದ್ದೆ. ಹಾಳೆ ತಿರುಗಿಸಿದಾಗ ಎಲ್ಲಾ ಉಲ್ಟಾ. ಬ್ರೈಲ್‌ನಲ್ಲಿ ‘ಜ’ವನ್ನು ಕನ್ನಡಿಯಲ್ಲಿ ಹಿಡಿದರೆ ಸರಿಯಾಗಿ ‘ಹ’ ಆಗುತ್ತದೆ, ‘ಹ’ ಹಿಡಿದರೆ ‘ಜ’. ಸಾಸಿವೆಯ ‘ಸ’ ತಿರುಗಿ ‘ಜ್ಞ’ ಆಗಿತ್ತು. “ಇದೇನ್ ಜ್ಞಾನನಾ?” ಅಂತ ಅದಕ್ಕೂ ನಕ್ಕಳು.

ಆರು ಚುಕ್ಕಿಯ ಲೋಕ ಎಷ್ಟು ಬಿಗಿ ಅನ್ನುವುದು ಅವತ್ತು ಗೊತ್ತಾಯಿತು. ಎರಡು ಸಾಲು, ಸಾಲಿಗೆ ಮೂರು ಚುಕ್ಕಿ. ಯಾವುದು ಉಬ್ಬಿದೆ, ಯಾವುದು ಇಲ್ಲ ಅನ್ನುವುದರಲ್ಲೇ 63 ಆಕಾರಗಳು. ಅಷ್ಟರಲ್ಲೇ ಕನ್ನಡವೂ ಹಿಡಿಸುತ್ತದೆ, ಹಿಂದಿಯೂ ಹಿಡಿಸುತ್ತದೆ. ನಮ್ಮ ದೇಶದ ಭಾಷೆಗಳಿಗೆಲ್ಲ ಒಂದೇ ಬ್ರೈಲ್ ಇರಲಿ ಅಂತ 1951ರಲ್ಲಿ ‘ಭಾರತಿ ಬ್ರೈಲ್’ ಅನ್ನು ಒಪ್ಪಿಕೊಂಡರು. ಅದರಲ್ಲಿ ಕನ್ನಡದ ‘ಕ’ಕ್ಕೂ ಹಿಂದಿಯ ‘ಕ’ಕ್ಕೂ ಒಂದೇ ಆಕಾರ. ಲಿಪಿಗಾಗಿ ಜಗಳ ಆಡುವ ನಾವು ಕಣ್ಣು ಮುಚ್ಚಿದರೆ ಒಂದೇ ಅಕ್ಷರಮಾಲೆಯವರು. ಆದರೆ ಆ ಬಿಗಿಯಲ್ಲಿ ಒಂದು ಚುಕ್ಕಿ ಆ ಕಡೆ ಈ ಕಡೆ ಆದರೆ ಜೀರಿಗೆ ಹವೀಜವಾಗುತ್ತದೆ.

ನಗು ಮುಗಿದ ಮೇಲೆ ಅವಳು ಒಂದು ಪ್ರಶ್ನೆ ಕೇಳಿದಳು. “ಅಲ್ಲಾ, ಜೀರಗಿಗೆ ನನಗ ಲೇಬಲ್ ಯಾಕ ಬೇಕು? ಮೂಗು ಐತೆಲ್ಲ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಲೇಬಲ್ ಅಂಟಿಸಿದ್ದು ನನ್ನ ಕಣ್ಣು ಮುಚ್ಚಿದರೆ ನನಗೆ ಏನು ಕಷ್ಟವಾಗುತ್ತದೋ ಅದನ್ನು ಊಹಿಸಿಕೊಂಡು. ಅವಳಿಗೆ ಏನು ಕಷ್ಟ ಅಂತ ಕೇಳಿರಲೇ ಇಲ್ಲ. ಮೂರು ವಾರ ಒಂದೇ ಮನೆಯಲ್ಲಿದ್ದೂ ಕೇಳಿರಲಿಲ್ಲ. ಸರ್‌ಪ್ರೈಸ್ ಅನ್ನುವ ಪದದಲ್ಲೇ ಕೇಳದೆ ಮಾಡುವುದು ಸೇರಿಕೊಂಡಿದೆ, ಅಲ್ಲವೇ?

ಬ್ರೈಲ್‌ನ ಕಥೆಯೂ ಹೀಗೇ ಶುರುವಾಗಿದ್ದು. 1821ರಲ್ಲಿ ಪ್ಯಾರಿಸ್ಸಿನ ಅಂಧರ ಶಾಲೆಗೆ ಚಾರ್ಲ್ಸ್ ಬಾರ್ಬಿಯೆ ಅನ್ನುವವನು ಉಬ್ಬು ಚುಕ್ಕಿಯ ಬರಹವೊಂದನ್ನು ತಂದ. ಸೇನೆಯಲ್ಲಿದ್ದ ಮನುಷ್ಯ, ಕಣ್ಣಿದ್ದವನು, ಒಳ್ಳೆಯ ಉದ್ದೇಶದವನು. ಅವನ ಒಂದೊಂದು ಚಿಹ್ನೆಗೂ ಹನ್ನೆರಡು ಚುಕ್ಕಿಯವರೆಗೆ ಬೇಕಿತ್ತು. ಕಣ್ಣಿಗೆ ಅದು ಅಚ್ಚುಕಟ್ಟಾಗಿ ಕಾಣುತ್ತಿತ್ತು, ಆದರೆ ಬೆರಳ ತುದಿ ಅಷ್ಟು ದೊಡ್ಡದಿಲ್ಲ. ಮೇಲೆ ಕೆಳಗೆ ಬೆರಳಾಡಿಸದೆ ಒಂದು ಚಿಹ್ನೆಯೂ ಪೂರ್ತಿ ಸಿಗುತ್ತಿರಲಿಲ್ಲ. ಅದು ಬರೀ ಉಚ್ಚಾರಣೆಯನ್ನು ಹಿಡಿಯುತ್ತಿತ್ತು, ಕಾಗುಣಿತಕ್ಕೆ ಜಾಗವಿರಲಿಲ್ಲ. ಅದೇ ಶಾಲೆಯಲ್ಲಿದ್ದ ಲೂಯಿ ಬ್ರೈಲ್ ಅನ್ನುವ ಹುಡುಗ ಅದನ್ನು ಬೆರಳಿಗೆ ಹೊಂದುವಂತೆ ಆರು ಚುಕ್ಕಿಗೆ ಇಳಿಸಿದ, 1829ರಲ್ಲಿ ಅಚ್ಚು ಹಾಕಿಸಿದ. ಓದಬೇಕಾದವನೇ ಕೂತು ಸರಿಮಾಡುವವರೆಗೆ ಅದು ಲಿಪಿ ಆಗಲಿಲ್ಲ. ನನ್ನ ಭಾನುವಾರದ ಲೇಬಲ್ಲುಗಳಲ್ಲಿ ಇದ್ದದ್ದೂ ಅದೇ ಬಾರ್ಬಿಯೆಯ ಸಮಸ್ಯೆ.

ಆ ರಾತ್ರಿ ನಾವಿಬ್ಬರೂ ಕೂತು ಲೇಬಲ್ ಬೇಕಾದ್ದು ಯಾವುದಕ್ಕೆ ಅಂತ ಪಟ್ಟಿ ಮಾಡಿದೆವು. ಸಂಬಾರ ಪದಾರ್ಥ ಯಾವುದಕ್ಕೂ ಬೇಡ. ತೊಗರಿಬೇಳೆ, ಕಡಲೆಬೇಳೆ ಬೆರಳಿಗೇ ಗೊತ್ತಾಗುತ್ತದೆ. ಬೇಕಾದ್ದು ಒಂದೇ ಥರ ಅನ್ನಿಸುವ ಬಿಳಿ ಪುಡಿಗಳಿಗೆ: ಮೈದಾ, ಅಕ್ಕಿ ಹಿಟ್ಟು, ಕಾರ್ನ್‌ಫ್ಲೋರ್, ಅಡುಗೆ ಸೋಡಾ. ಫ್ರೀಜರಿನ ಡಬ್ಬಿಗಳಿಗೆ, ಯಾಕೆಂದರೆ ಹೆಪ್ಪುಗಟ್ಟಿದ ಮೇಲೆ ಯಾವುದಕ್ಕೂ ವಾಸನೆ ಇಲ್ಲ, ಎಲ್ಲಾ ಕಲ್ಲೇ. ಒಡೆಯದ ಪ್ಯಾಕೆಟ್ಟುಗಳಿಗೆ, ಮಾತ್ರೆಗಳಿಗೆ. ಉಪ್ಪಿಗೂ ಸಕ್ಕರೆಗೂ ಬ್ರೈಲ್ ಕೂಡ ಬೇಡ, ಉಪ್ಪಿನ ಡಬ್ಬಿಗೆ ಒಂದು ರಬ್ಬರ್ ಬ್ಯಾಂಡ್, ಸಕ್ಕರೆಗೆ ಎರಡು. ಹಿಟ್ಟಿನ ಕೈಯಲ್ಲಿ ಬ್ರೈಲ್ ಓದುವುದಕ್ಕಿಂತ ರಬ್ಬರ್ ಬ್ಯಾಂಡ್ ಎಣಿಸುವುದು ಸುಲಭ.

ಅವಳ ಇನ್ನೊಂದು ಉಪಾಯ ನನಗೆ ಬಹಳ ಇಷ್ಟವಾಯಿತು. ಪ್ಯಾಕೆಟ್ಟುಗಳಿಗೆ ಲೇಬಲ್ ಅಂಟಿಸುವುದಿಲ್ಲ. ದಪ್ಪ ಕಾರ್ಡಿನ ಮೇಲೆ ಬರೆದು ರಬ್ಬರ್ ಬ್ಯಾಂಡಿನಿಂದ ಸಿಕ್ಕಿಸುತ್ತಾಳೆ. ಪ್ಯಾಕೆಟ್ ಖಾಲಿಯಾದಾಗ ಕಾರ್ಡು ತೆಗೆದು ಫ್ರಿಜ್ ಮೇಲಿನ ಬಟ್ಟಲಿಗೆ ಹಾಕುತ್ತಾಳೆ. ತಿಂಗಳ ಸಾಮಾನು ತರುವ ದಿನ ಆ ಬಟ್ಟಲಲ್ಲಿ ಏನೇನು ಕಾರ್ಡಿದೆಯೋ ಅದೇ ನಮ್ಮ ಸಾಮಾನಿನ ಪಟ್ಟಿ. ನಾಲ್ಕು ಆ್ಯಪ್ ಇಟ್ಟುಕೊಂಡೂ ಪ್ರತಿ ತಿಂಗಳು ಏನಾದರೊಂದು ಮರೆಯುವ ನನಗೆ ಅದನ್ನು ನೋಡಿ ನಾಚಿಕೆಯಾಯಿತು.

ಒಂದೇ ಒಂದು ನಿಯಮ ನಾವು ಪೆಟ್ಟು ತಿಂದು ಕಲಿತದ್ದು. ಮೈಸೂರಿನಿಂದ ನನ್ನ ಅಮ್ಮ ಬಂದರು. ನಾವಿಬ್ಬರೂ ಆಫೀಸಿಗೆ ಹೋದ ಹೊತ್ತಲ್ಲಿ ಪ್ರೀತಿಯಿಂದ ಎಲ್ಲಾ ಡಬ್ಬಿ ಖಾಲಿ ಮಾಡಿ, ಬಿಸಿನೀರಲ್ಲಿ ತೊಳೆದು, ಒರೆಸಿ, ಮತ್ತೆ ತುಂಬಿಟ್ಟರು. ಒಂದೇ ಸೈಜಿನ ಸ್ಟೀಲ್ ಡಬ್ಬಿಗಳು, ಮುಚ್ಚಳ ಯಾವುದಕ್ಕೆ ಯಾವುದಾದರೂ ಕೂರುತ್ತದೆ. ನಾವು ಲೇಬಲ್ ಅಂಟಿಸಿದ್ದದ್ದು ಮುಚ್ಚಳದ ಮೇಲೆ. ಅವತ್ತು ರಾತ್ರಿ ರೂಮ್‌ಮೇಟ್ ಒಂದೊಂದೇ ಡಬ್ಬಿ ತೆರೆದು ಮುಚ್ಚಳಗಳನ್ನು ಸರಿಹೊಂದಿಸಿದಳು. ಅಮ್ಮ ಪಾಪ, “ಅಯ್ಯೋ, ನಂಗೆ ಗೊತ್ತೇ ಆಗ್ಲಿಲ್ಲ ಪುಟ್ಟಿ” ಅಂತ ಹತ್ತು ಸಲ ಅಂದರು. “ಇರಲಿ ಬಿಡ್ರಿ ಆಂಟಿ, ಡಬ್ಬಿ ಮಸ್ತ್ ಸ್ವಚ್ಛ ಆಗ್ಯಾವು” ಅಂದಳು ಅವಳು. ಅವತ್ತಿನಿಂದ ಲೇಬಲ್ ಡಬ್ಬಿಯ ಮೈಮೇಲೆ, ಮುಚ್ಚಳದ ಮೇಲಲ್ಲ.

ಇಲ್ಲಿಯವರೆಗೆ ಎಲ್ಲಾ ತಮಾಷೆಯೇ. ನಾನು ಹೇಳಬೇಕಾದ್ದು ಇನ್ನು ಮುಂದಿನದು. ಬರೆಯೋಕೆ ಅಷ್ಟು ಖುಷಿ ಇಲ್ಲ.

ಆ ಮಳೆಗಾಲದಲ್ಲಿ ಮನೆ ತುಂಬಾ ಜಿರಳೆ. ಯಾರೋ ಬೋರಿಕ್ ಪೌಡರಿಗೆ ಸಕ್ಕರೆ, ಹಿಟ್ಟು ಕಲಸಿ ಉಂಡೆ ಮಾಡಿ ಮೂಲೆಯಲ್ಲಿಡಿ ಅಂದರು. ನಾನು ಪೌಡರ್ ತಂದೆ. ಉಂಡೆ ಮಾಡಿ ಇಟ್ಟೆ. ಇನ್ನೂ ಮುಕ್ಕಾಲು ಪ್ಯಾಕೆಟ್ ಉಳಿಯಿತು. ಪ್ಯಾಕೆಟ್ ಹರಿದು ಸುರಿಯುತ್ತಿತ್ತು, ಹತ್ತು ನಿಮಿಷದಲ್ಲಿ ನನಗೆ ಮೀಟಿಂಗ್ ಇತ್ತು, ಅಕ್ಕಿ ಹಿಟ್ಟಿನ ಡಬ್ಬಿ ಖಾಲಿಯಾಗಿ ತೊಳೆದು ಬೋರಲು ಹಾಕಿತ್ತು. ಅದಕ್ಕೆ ಸುರಿದೆ. ನಾನು ಬೇಜವಾಬ್ದಾರಿ ಅಲ್ಲ ನೋಡಿ, ಕೆಂಪು ಮಾರ್ಕರ್ ತಗೊಂಡು ಡಬ್ಬಿಯ ಮುಂದುಗಡೆ ದಪ್ಪ ಅಕ್ಷರದಲ್ಲಿ ‘ವಿಷ! ಜಿರಳೆ ಪುಡಿ’ ಅಂತ ಬರೆದೆ. ಕೆಳಗೆ ಎರಡು ಗೆರೆ ಕೂಡ ಎಳೆದೆ. ಶೆಲ್ಫಿನಲ್ಲಿಟ್ಟು ಮೀಟಿಂಗಿಗೆ ಓಡಿದೆ.

ಡಬ್ಬಿಯ ಬೆನ್ನ ಮೇಲೆ ಬ್ರೈಲ್‌ನಲ್ಲಿ ‘ಅಕ್ಕಿ ಹಿಟ್ಟು’ ಅಂತ ಹಾಗೇ ಇತ್ತು.

ಎರಡು ದಿನದ ನಂತರ ಸಂಜೆ ಜೋರು ಮಳೆ. ನಾನು ನನ್ನ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕಾಲ್‌ನಲ್ಲಿದ್ದೆ. ಅವಳು ಮಿರ್ಚಿ ಭಜಿ ಮಾಡೋಕೆ ನಿಂತಿದ್ದಳು. ಕಡಲೆಹಿಟ್ಟಿಗೆ ಒಂದು ಚಮಚ ಅಕ್ಕಿ ಹಿಟ್ಟು ಹಾಕಿದರೆ ಗರಿಗರಿಯಾಗುತ್ತದೆ. ಮೊನ್ನೆಯಷ್ಟೇ ಹೊಸ ಅಕ್ಕಿ ಹಿಟ್ಟು ತರಬೇಕು ಅಂತ ನಾವು ಮಾತಾಡಿಕೊಂಡಿದ್ದೆವು. ಡಬ್ಬಿ ತುಂಬಿರುವುದನ್ನು ನೋಡಿ ನಾನೇ ತಂದು ಹಾಕಿದ್ದೇನೆ ಅಂದುಕೊಂಡಳು. ಚಮಚದಲ್ಲಿ ತೆಗೆದಳು. ಅಭ್ಯಾಸಬಲದಿಂದ ಎರಡು ಬೆರಳಲ್ಲಿ ಹಿಡಿದು ತಿಕ್ಕಿದಳು. ಅಕ್ಕಿ ಹಿಟ್ಟಿಗೆ ಸಣ್ಣಗೆ ಒಂದು ತರಿ ಇರುತ್ತದೆ. ಇದು ನುಣ್ಣಗೆ ಜಾರಿತು. ಅಷ್ಟೇ. ಬೆರಳಿಗೆ ಬಂದ ಅಷ್ಟು ಸಣ್ಣ ಅನುಮಾನ.

ನನ್ನ ರೂಮಿನ ಬಾಗಿಲು ಬಡಿದು ಕೇಳಿದಳು: “ಅಕ್ಕಿ ಹಿಟ್ಟು ಎಲ್ಲಿಂದ ತಂದೀ? ಬ್ಯಾರೆ ಥರ ಐತಿ.”

ನಾನು ಎದ್ದು ಹೋಗಿ ಡಬ್ಬಿ ನೋಡಿದೆ. ಆಮೇಲೆ ನನ್ನ ಬಾಯಿಂದ ಬಂದ ಮೊದಲ ಮಾತು ಇವತ್ತಿಗೂ ಕಿವಿಯಲ್ಲಿದೆ.

“ಅಯ್ಯೋ, ಬರೆದಿದ್ದೆನಲ್ಲೇ!”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು. “ಯಾರಿಗೆ ಬರದಿದ್ದಿ?”

ಆ ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಪುಡಿ ತಂದವಳು ನಾನು, ಅದೇನು ಅಂತ ನನಗೆ ಗೊತ್ತಿತ್ತು. ಹಾಗಾದರೆ ಆ ಕೆಂಪು ಅಕ್ಷರ, ಆ ಎರಡು ಗೆರೆ ಯಾರಿಗಾಗಿ? ಎಚ್ಚರಿಕೆ ಬೇಕಾಗಿದ್ದದ್ದು ಒಬ್ಬಳಿಗೆ. ಅವಳನ್ನು ಬಿಟ್ಟು ಉಳಿದ ಇಡೀ ಪ್ರಪಂಚಕ್ಕೆ ನಾನು ಎಚ್ಚರಿಕೆ ಬರೆದಿದ್ದೆ. ಅದಕ್ಕಿಂತ ಕೆಟ್ಟದ್ದು, ಅವಳಿಗೆ ಆ ಡಬ್ಬಿ ಬರೀ ಸುಮ್ಮನಿರಲಿಲ್ಲ, ಸುಳ್ಳು ಹೇಳುತ್ತಿತ್ತು. ಒಂದೇ ಡಬ್ಬಿ ಮುಂದುಗಡೆಯಿಂದ ನನಗೆ ‘ವಿಷ’ ಅನ್ನುತ್ತಿತ್ತು, ಹಿಂದುಗಡೆಯಿಂದ ಅವಳಿಗೆ ‘ಅಕ್ಕಿ ಹಿಟ್ಟು, ಹಾಕ್ಕೋ’ ಅನ್ನುತ್ತಿತ್ತು.

ಇದನ್ನು ಸುಳ್ಳು ಅಂತ ಕರೆಯಬಹುದಾ? ಮೋಸ ಮಾಡುವ ಉದ್ದೇಶ ನನಗಿರಲಿಲ್ಲ. ಮರೆತೆ, ಅಷ್ಟೇ. ಬಹಳ ದಿನ ನಾನು ಆ ‘ಅಷ್ಟೇ’ಯ ಹಿಂದೆ ಬಚ್ಚಿಟ್ಟುಕೊಂಡಿದ್ದೆ. ಆದರೆ ಯೋಚಿಸಿದಷ್ಟೂ ಅದು ನಿಲ್ಲಲಿಲ್ಲ. ಬಾಯಿಮಾತಿನ ಸುಳ್ಳನ್ನು ಕೇಳುವವರು ಮುಖ ನೋಡಿ, ದನಿ ಕೇಳಿ ಅನುಮಾನಪಡಬಹುದು, ತಿರುಗಿಸಿ ಪ್ರಶ್ನೆ ಕೇಳಬಹುದು. ಲೇಬಲ್ಲಿಗೆ ಮುಖವಿಲ್ಲ. ಅದು ಹೇಳುವುದು ಒಂದೇ ಮಾತು, ಹೇಳಿದವರು ಆಚೆ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡಿರುತ್ತಾರೆ. ಲೇಬಲ್ ಅಂಟಿಸಿದ ಗಳಿಗೆಯಲ್ಲಿ ‘ಇದರಲ್ಲಿ ಇದೇ ಇರುತ್ತದೆ’ ಅಂತ ನಾನು ಮಾತು ಕೊಟ್ಟಿದ್ದೆ. ಮಾತು ಕೊಟ್ಟವರಿಗೆ ಮರೆವು ನೆಪವಾಗುವುದಿಲ್ಲ. ಮಾತು ಕೊಡುವುದು ಅಂದರೇ ನೆನಪಿಟ್ಟುಕೊಳ್ಳುವ ಕೆಲಸವನ್ನು ಒಪ್ಪಿಕೊಳ್ಳುವುದು.

ಇಷ್ಟು ನನಗೆ ಅರ್ಥವಾಗಿದ್ದು ತಿಂಗಳುಗಳ ನಂತರ. ಆ ಸಂಜೆ ನಾನು ಮಾಡಿದ್ದೇ ಬೇರೆ. ಕಡಲೆಹಿಟ್ಟು ಚೆಲ್ಲಿದೆ, ಪಾತ್ರೆ ತೊಳೆದೆ, ಡಬ್ಬಿ ಸಮೇತ ಪುಡಿಯನ್ನು ಹೊರಗಿಟ್ಟೆ. ಕೈ ನಡುಗುತ್ತಿತ್ತು. ಆಮೇಲೆ ಕಣ್ಣಲ್ಲಿ ನೀರು ತುಂಬಿಕೊಂಡು, ತುಂಬಾ ಪ್ರೀತಿಯಿಂದ, ಅಂದೆ: “ಇನ್ಮೇಲೆ ನೀನು ಒಬ್ಬಳೇ ಅಡುಗೆ ಮಾಡ್ಬೇಡ. ನಾನೇ ಮಾಡ್ತೀನಿ. ಇಲ್ಲಾ ನಾನಿದ್ದಾಗ ಮಾತ್ರ ಮಾಡು.”

ಅವಳಿಗೆ ಸಿಟ್ಟು ಬಂದದ್ದು ಆಗ. ಪುಡಿಗಲ್ಲ, ಈ ಮಾತಿಗೆ.

“ತಪ್ಪು ಮಾಡಿದಾಕಿ ನೀನು. ಅಡಗಿಮನಿ ಬಿಡಬೇಕಾದಾಕಿ ನಾನಾ?”

ನಿಜ ಹೇಳ್ತೀನಿ, ಆ ಕ್ಷಣಕ್ಕೆ ನನಗೆ ಅವಳ ಮೇಲೇ ಬೇಜಾರಾಯಿತು. ಇಷ್ಟು ಕಾಳಜಿ ಮಾಡಿದರೂ ಹೀಗಂತಾಳಲ್ಲ ಅಂತ. ರಾತ್ರಿ ಇಬ್ಬರೂ ಮಾತಾಡದೆ ಮ್ಯಾಗಿ ತಿಂದು ಮಲಗಿದೆವು.

ನಿದ್ದೆ ಬರಲಿಲ್ಲ. ಈ ಮನೆ ಹುಡುಕುವಾಗಿನ ಒಂದು ಪ್ರಸಂಗ ನೆನಪಾಯಿತು. ಇದಕ್ಕೂ ಮೊದಲು ಒಂದು ಮನೆ ನೋಡಿದ್ದೆವು. ಬೆಳಕು, ಗಾಳಿ, ಮೆಟ್ರೋಗೆ ಹತ್ತಿರ, ಎಲ್ಲಾ ಚೆನ್ನಾಗಿತ್ತು. ಮನೆಯ ಯಜಮಾನರು ನನ್ನ ಕಡೆ ತಿರುಗಿ ಕೇಳಿದರು, “ಗ್ಯಾಸ್ ಯಾರಮ್ಮ ಹಚ್ಚೋದು?” ಅವಳು “ನಾನೂ ಹಚ್ಚತೀನ್ರಿ” ಅಂದಳು. ಅವರು ನನ್ನ ಕಡೆಗೇ ನೋಡುತ್ತಾ, “ಅಲ್ಲ, ನಮಗೇನಿಲ್ಲ, ಅವರ ಸೇಫ್ಟಿಗೆ ಹೇಳ್ತಿದೀನಿ” ಅಂದರು. ಆಟೋದಲ್ಲಿ ವಾಪಸ್ ಬರುವಾಗ ನಾನು ಅವರಿಗೆ ಬಾಯಿತುಂಬಾ ಬೈದಿದ್ದೆ. ವಾರಕ್ಕೆರಡು ಸಲ ಹಾಲು ಉಕ್ಕಿಸಿ ಸ್ಟವ್ ಆರಿಸಿಬಿಡುವವಳು ನಾನು. ನನ್ನನ್ನು ಯಾರೂ ಗ್ಯಾಸ್ ಬಗ್ಗೆ ಕೇಳಿರಲಿಲ್ಲ.

ಆ ರಾತ್ರಿ ಹಾಸಿಗೆಯಲ್ಲಿ ಹೊರಳಾಡುವಾಗ ಹೊಳೆಯಿತು. ಅವತ್ತು ಅವರು ಆಡಿದ ಮಾತನ್ನೇ ಇವತ್ತು ನಾನು ಆಡಿದ್ದೆ. ವ್ಯತ್ಯಾಸ ಒಂದೇ, ನಾನು ಕಣ್ಣೀರು ಸೇರಿಸಿದ್ದೆ.

ನಮ್ಮಲ್ಲಿ ಇದೊಂದು ಅಭ್ಯಾಸವೇ ಆಗಿದೆ ಅನ್ನಿಸುತ್ತದೆ. ತಪ್ಪು ಒಬ್ಬರದು, ಸುರಕ್ಷತೆಯ ಹೆಸರಿನಲ್ಲಿ ಬಾಗಿಲು ಮುಚ್ಚುವುದು ಇನ್ನೊಬ್ಬರಿಗೆ. ರಸ್ತೆಯಲ್ಲಿ ಯಾರೋ ಹುಡುಗಿಯರನ್ನು ಚುಡಾಯಿಸಿದರೆ ಪಿಜಿಯ ಗೇಟು ಎಂಟಕ್ಕೇ ಮುಚ್ಚುವುದು ಹುಡುಗಿಯರಿಗೆ. ಫುಟ್‌ಪಾತ್ ಮೇಲೆ ಬೈಕ್ ಓಡಿಸುವವರು ಓಡಿಸುತ್ತಲೇ ಇರುತ್ತಾರೆ, ‘ಒಬ್ರೇ ಹೊರಗೆ ಹೋಗ್ಬೇಡಿ’ ಅಂತ ಹೇಳುವುದು ಅಜ್ಜಿಗೆ. ಹೇಳುವವರಿಗೆ ನಿಜವಾಗಿಯೂ ಕಾಳಜಿ ಇರುತ್ತದೆ, ಅದೇ ಕಷ್ಟ. ಕಾಳಜಿ ಇಲ್ಲದಿದ್ದರೆ ಜಗಳ ಆಡಿ ಮುಗಿಸಬಹುದಿತ್ತು. ನಾನು ಅಡುಗೆಮನೆ ಬಿಡು ಅಂದಾಗ ನನ್ನೊಳಗೆ ಕಾಳಜಿಯೂ ಇತ್ತು, ಇನ್ನೊಂದೂ ಇತ್ತು. ಅವಳು ಅಡುಗೆಮನೆಗೆ ಹೋಗದಿದ್ದರೆ ನಾನು ಇನ್ನು ಮುಂದೆಯೂ ಯಾವ ಡಬ್ಬಿಗೆ ಏನು ಬೇಕಾದರೂ ಸುರಿಯಬಹುದು. ನಾನು ಬದಲಾಗಬೇಕಾಗಿಲ್ಲ. ನನ್ನ ನಿಶ್ಚಿಂತೆಗೆ ಅವಳ ಭಜಿಯನ್ನು ಬೆಲೆಯಾಗಿ ಕಟ್ಟಲು ಹೊರಟಿದ್ದೆ. ಆಮೇಲೆ ಅದಕ್ಕೇ ಪ್ರೀತಿ ಅಂತ ಹೆಸರಿಟ್ಟಿದ್ದೆ.

ಇನ್ನೊಂದು ಮಾತನ್ನೂ ಸೇರಿಸಬೇಕು, ಇಲ್ಲವಾದರೆ ಈ ಬರಹವೂ ಏಕಪಕ್ಷೀಯವಾಗುತ್ತದೆ. ಅಪಾಯ ಸುಳ್ಳಾಗಿರಲಿಲ್ಲ. ಬೆರಳು ತಿಕ್ಕುವ ಅಭ್ಯಾಸ ಅವಳಿಗೆ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ. ಹಾಗಾದರೆ ಒಬ್ಬರು ಇನ್ನೊಬ್ಬರ ಸುರಕ್ಷತೆಯ ಬಗ್ಗೆ ಮಾತೇ ಆಡಬಾರದಾ? ಆಡಬೇಕು. ಆದರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ಸುರಕ್ಷತೆಗಾಗಿ ಯಾರು ಏನನ್ನು ಬಿಡಬೇಕಾಗುತ್ತದೆ? ನಾನು ಒಂದು ಕೆಟ್ಟ ಅಭ್ಯಾಸ ಬಿಟ್ಟರೆ ಸಾಕು ಅನ್ನುವ ಕಡೆ ಅವಳು ಅಡುಗೆಮನೆಯನ್ನೇ ಬಿಡಬೇಕು ಅಂದರೆ ಲೆಕ್ಕ ಎಲ್ಲೋ ತಪ್ಪಿದೆ.

ಇದು ಅವಳೊಬ್ಬಳ ವಿಷಯ ಅಂತ ಅನ್ನಿಸಬಹುದು. ಆದರೆ ಸ್ವಲ್ಪ ನಮ್ಮ ಅಡುಗೆಮನೆ ನೋಡಿಕೊಳ್ಳಿ. ಪ್ಯಾಕೆಟ್ ಆಹಾರದ ವಿಷಯದಲ್ಲಿ ನಾವೆಲ್ಲರೂ ಕಣ್ಣು ಮುಚ್ಚಿಕೊಂಡೇ ತಿನ್ನುವವರು. ಬಿಸ್ಕತ್ತಿನೊಳಗೆ ಏನಿದೆ ಅಂತ ನೋಡಿ ಹೇಳಬಲ್ಲವರು ಯಾರು? ನಾವು ನಂಬುವುದು ಹೊದಿಕೆಯ ಮೇಲಿನ ಮಾತನ್ನು, ಹದಿನಾಲ್ಕು ಅಂಕಿಯ ಲೈಸೆನ್ಸ್ ನಂಬರನ್ನು. ಸಸ್ಯಾಹಾರಕ್ಕೆ ಹಸಿರು ಚೌಕದೊಳಗೆ ಹಸಿರು ವೃತ್ತ. ಮಾಂಸಾಹಾರಕ್ಕೂ ಮೊದಲು ವೃತ್ತವೇ ಇತ್ತು, ಬಣ್ಣ ಮಾತ್ರ ಕಂದು. ಬಣ್ಣ ಗುರುತಿಸಲಾಗದವರಿಗೆ ಎರಡೂ ಒಂದೇ. 2020ರ ನಿಯಮ ಮಾಂಸಾಹಾರದ ಗುರುತನ್ನು ತ್ರಿಕೋನ ಮಾಡಿತು. ಬಣ್ಣ ತಿಳಿಯದಿದ್ದರೂ ಈಗ ಆಕಾರ ತಿಳಿಯುತ್ತದೆ. ‘ಯಾರಿಗೆ ಬರೆದಿದ್ದು?’ ಅನ್ನುವ ಪ್ರಶ್ನೆಯನ್ನು ಯಾರೋ ಒಬ್ಬರು ಕೇಳಿಕೊಂಡಿದ್ದರ ಫಲ ಅದು. ಆದರೆ ಬೆರಳಿಗೆ ಆ ವೃತ್ತವೂ ಇಲ್ಲ, ತ್ರಿಕೋನವೂ ಇಲ್ಲ, ನುಣ್ಣನೆಯ ಪ್ಲಾಸ್ಟಿಕ್ ಅಷ್ಟೇ. ಔಷಧಿಯ ಹೊರ ಪೆಟ್ಟಿಗೆಯ ಮೇಲೆ ಹೆಸರು ಬ್ರೈಲ್‌ನಲ್ಲಿ ಇರಲೇಬೇಕು ಅಂತ ಯುರೋಪಿಯನ್ ಒಕ್ಕೂಟ 2004ರಲ್ಲೇ ಕಾನೂನು ಮಾಡಿತು. ನಮ್ಮ ಮನೆಯಲ್ಲಿ ಮಾತ್ರೆಗಳ ಹೆಸರನ್ನು ಈಗಲೂ ನಾನೇ ಓದಿ ಹೇಳಬೇಕು, ಅವಳು ಕಾರ್ಡಿನಲ್ಲಿ ಬರೆದು ಸಿಕ್ಕಿಸಬೇಕು.

ಅಂದರೆ ಅವಳಿಗೂ ನನಗೂ ಇರುವ ವ್ಯತ್ಯಾಸ ನಂಬಬೇಕೋ ಬೇಡವೋ ಅನ್ನುವುದರಲ್ಲಿಲ್ಲ. ಇಬ್ಬರೂ ನಂಬಲೇಬೇಕು. ನನಗೆ ನಂಬಿಸುವವರು ನಾನು ಓದಬಲ್ಲ ಅಕ್ಷರದಲ್ಲಿ ಮಾತು ಕೊಡುತ್ತಾರೆ, ಅವಳಿಗೆ ಕೊಡುವುದಿಲ್ಲ. ನಾನು ‘ಸ್ವತಂತ್ರಳು’ ಅಂತ ಕರೆದುಕೊಳ್ಳುವುದು, ಅವಳು ‘ಇನ್ನೊಬ್ಬರ ಮೇಲೆ ಅವಲಂಬಿತಳು’ ಅಂತ ಕರೆಸಿಕೊಳ್ಳುವುದು, ಎರಡೂ ಇಷ್ಟರಿಂದಲೇ. ನನ್ನ ಅವಲಂಬನೆಯನ್ನು ಊರೇ ಸೇರಿ ಅಚ್ಚುಕಟ್ಟಾಗಿ ವ್ಯವಸ್ಥೆ ಮಾಡಿಟ್ಟಿದೆ, ಹಾಗಾಗಿ ಅದು ಕಾಣುವುದಿಲ್ಲ. ಅವಳದ್ದನ್ನು ಹಳೇ ಫೈಲು ಕತ್ತರಿಸಿ ಮನೆಯಲ್ಲೇ ಮಾಡಿಕೊಳ್ಳಬೇಕು, ಹಾಗಾಗಿ ಎದ್ದು ಕಾಣುತ್ತದೆ.

ಎರಡು ದಿನ ಬಿಟ್ಟು ಮಾತು ಶುರುವಾಯಿತು. ನಾನು ಕ್ಷಮೆ ಕೇಳಿದೆ, ಪುಡಿಗೂ, ಆಮೇಲೆ ಆಡಿದ ಮಾತಿಗೂ. ಅವಳು “ಆತು ಬಿಡು” ಅಂದು ಅಷ್ಟಕ್ಕೇ ಬಿಡಲಿಲ್ಲ. ಎದುರಿಗೆ ಕೂರಿಸಿ ಸ್ಲೇಟು ಕೈಗೆ ಕೊಟ್ಟಳು. ಬಲದಿಂದ ಎಡಕ್ಕೆ, ತಿರುವು ಮುರುವಾಗಿ, ಚುಕ್ಕಿ ಎಣಿಸಿ ಬರೆಯುವುದನ್ನು ಕಲಿಸಿದಳು. ಅಡುಗೆಮನೆಗೆ ಎರಡು ನಿಯಮ ಬಂದವು. ಒಂದು, ತಿನ್ನುವ ಡಬ್ಬಿಗೆ ತಿನ್ನದ ಯಾವುದನ್ನೂ ಹಾಕುವಂತಿಲ್ಲ, ಖಾಲಿ ಇದ್ದರೂ, ಐದು ನಿಮಿಷಕ್ಕಾದರೂ. ಎರಡು, ಡಬ್ಬಿಯೊಳಗಿನದು ಬದಲಾಗುವ ಮೊದಲು ಲೇಬಲ್ ಬದಲಾಗಬೇಕು. ಮೊದಲು ಬರೆಯುವುದು, ಆಮೇಲೆ ಸುರಿಯುವುದು. ಎರಡೂ ನಿಯಮ ಅವಳಿಗಲ್ಲ, ನನಗೆ. ಮನೆಗೆ ಬರುವ ಅಮ್ಮನಿಗೂ ಹೇಳಿಕೊಟ್ಟಿದ್ದೇನೆ. ಮೊದಮೊದಲು ಕಿರಿಕಿರಿ ಆಗುತ್ತಿತ್ತು. ಮೀಟಿಂಗಿಗೆ ಹತ್ತು ನಿಮಿಷ ಇರುವಾಗ ಹರಿದ ಪ್ಯಾಕೆಟ್ ಹಿಡಿದುಕೊಂಡು ಸ್ಲೇಟು ಹುಡುಕುವುದು ಯಾರಿಗೂ ಇಷ್ಟವಾಗುವ ಕೆಲಸ ಅಲ್ಲ. ಆದರೆ ಮಾತು ಉಳಿಸಿಕೊಳ್ಳುವ ಕೆಲಸ ಯಾವಾಗಲೂ ಹೀಗೇ ಇರುತ್ತದೆ ಅನ್ನಿಸುತ್ತದೆ. ಅದು ಎದುರಾಗುವುದೇ ನಮಗೆ ಅರ್ಜೆಂಟ್ ಇದ್ದಾಗ.

ಜಿರಳೆ ಇನ್ನೂ ಹೋಗಿಲ್ಲ. ಹಾಗಾಗಿ ಪುಡಿಯೂ ಇದೆ, ಅಡುಗೆಮನೆಯಲ್ಲಲ್ಲ, ಚಪ್ಪಲಿ ಸ್ಟ್ಯಾಂಡಿನ ಮೇಲಿನ ಖಾನೆಯಲ್ಲಿ, ಬೇರೆಯೇ ಆಕಾರದ ಒಂದು ಪ್ಲಾಸ್ಟಿಕ್ ಬಾಟಲಿಯಲ್ಲಿ. ಅದರ ಲೇಬಲ್ ಪೂರ್ತಿ ನಾನೇ ಬರೆದೆ, ಒಂದೇ ಅಕ್ಷರ ಅಲ್ಲ, ಪೂರ್ತಿ ಹೆಸರು. ಬರೆದು ಅವಳ ಕೈಗೆ ಕೊಟ್ಟೆ. ಮೇಷ್ಟ್ರು ಕಾಪಿ ನೋಡುವ ಹಾಗೆ ನಿಧಾನಕ್ಕೆ ಬೆರಳಾಡಿಸಿದಳು.

“ಕಡೀ ಅಕ್ಷರದ್ದು ಒಂದು ಚುಕ್ಕಿ ಬಿಟ್ಟೀ ನೋಡು. ‘ಪೌಡರ್’ ಅಲ್ಲ, ‘ಪೌಡರ’ ಆಗೇತಿ.”

ಬೇರೆ ಬರೀತೀನಿ ಕೊಡು ಅಂದೆ.

“ಬ್ಯಾಡ. ನಮ್ಮ ಕಡೆ ಹಂಗs ಅಂತಾರ. ಅಂಟಸು” ಅಂದಳು. ಅಂಟಿಸಿದೆ. ಆಮೇಲೆ ಅವಳು ಭಜಿಗೆ ಎಣ್ಣೆ ಕಾಯಿಸೋಕೆ ಹೋದಳು.